ಕೇಳಿದವನ ಮೇಲೆ ನಾನು ಹಾಕಿದ ಕೇಸು

ಸ್ವಾತಂತ್ರ್ಯ ಬಂದ ವರ್ಷವೇ ನಾನೂ ಅಬ್ಕಾರಿ ಇಲಾಖೆಯಿಂದ ಸ್ವತಂತ್ರನಾದೆ. ದೇಶಕ್ಕೆ ಅದು ಬಂದದ್ದು ಹೋರಾಟದಿಂದ, ನನಗೆ ಬಂದದ್ದು ಹೊಟ್ಟೆಯ ಹುಣ್ಣಿನಿಂದ. ನನಗೆ ವಯಸ್ಸು ನಲವತ್ತೇಳು ತುಂಬುವ ಮೊದಲೇ ದೊಡ್ಡಾಸ್ಪತ್ರೆಯ ಡಾಕ್ಟರು ‘ಈತ ಇನ್ನು ಸರ್ಕಾರಿ ಕೆಲಸಕ್ಕೆ ಯೋಗ್ಯನಲ್ಲ’ ಎಂದು ಬರೆದು ಸಹಿ ಹಾಕಿದರು. ನನ್ನ ಹೆಂಡತಿ ಸೀತಮ್ಮ ಆ ಕಾಗದವನ್ನು ಎರಡು ಸಲ ಓದಿ, “ಇಷ್ಟು ತಿಳ್ಕೊಳ್ಳೋಕೆ ಇಪ್ಪತ್ತು ವರ್ಷ ಬೇಕಾಯ್ತೇ ಇವರಿಗೆ?” ಎಂದಳು.

ಹುಣ್ಣಿಗೆ ಕಾರಣ ಖಾರ ಅಲ್ಲ, ಯೋಚನೆ. ನನ್ನದು ಹುಟ್ಟಾ ಯೋಚನೆಯ ಸ್ವಭಾವ. ಬೀಗ ಹಾಕಿ ಬೀದಿ ತಿರುಗುವಷ್ಟರಲ್ಲಿ ವಾಪಸು ಬಂದು ಎಳೆದು ನೋಡುವವನು ನಾನು. ಕಾಗದವನ್ನು ಅಂಚೆ ಡಬ್ಬಕ್ಕೆ ಹಾಕಿದ ಮೇಲೆ ಅದರಲ್ಲಿ ‘ದಯಮಾಡಿ’ ಎಂದು ಬರೆದಿದ್ದೆನೋ ಇಲ್ಲವೋ ಎಂದು ಪೋಸ್ಟ್ ಮಾಸ್ಟರನ್ನು ಕಾಡಿ ಡಬ್ಬ ತೆಗೆಸಿದ್ದೂ ಉಂಟು. ಇಂಥವನನ್ನು ಕಳ್ಳಗಾಂಜಾ, ಕಳ್ಳ ಅಫೀಮು ಹಿಡಿಯುವ ಕೆಲಸಕ್ಕೆ ಯಾರು ಆರಿಸಿದರೋ, ಅವರಿಗೆ ದೇವರು ಒಳ್ಳೆಯದು ಮಾಡಲಿ.

ಈಗ ಇಲಾಖೆಗೆ ಸೇರುತ್ತಿರುವವರಲ್ಲಿ ಕೆಲವರು ಮನೆಗೆ ಬಂದು ಹಳೆಯ ಕಥೆ ಕೇಳುತ್ತಾರೆ. ಕಬ್ಬಿನ ಗದ್ದೆಯ ನಡುವೆ ಬೆಳೆದಿದ್ದ ಗಾಂಜಾ ಗಿಡ ಕಿತ್ತದ್ದು, ರೈಲಿನಲ್ಲಿ ಹಲಸಿನ ಹಣ್ಣಿನೊಳಗೆ ಅಫೀಮು ಸಿಕ್ಕಿದ್ದು, ಇಂಥವು ಅವರಿಗೆ ಬೇಕು. ಅವನ್ನೆಲ್ಲ ಹೇಳಬಲ್ಲೆ, ಸ್ವಲ್ಪ ಬೆಳೆಸಿಯೂ ಹೇಳಬಲ್ಲೆ. ಆದರೆ ನನ್ನನ್ನು ಬಿಡದೆ ಇರುವುದು ಏನೂ ಸಿಗದೆ ಹೋದ ಒಂದು ಕೇಸು. ಅದನ್ನೇ ಬರೆಯುತ್ತೇನೆ. ಬಡ್ತಿ ಗಿಡ್ತಿಯ ವಿಷಯ ಇದರಲ್ಲಿ ಇಲ್ಲ; ಬರೆಯುವಷ್ಟು ನನಗೆ ಆಗಲೂ ಇಲ್ಲ.

ಮೊದಲು ಕೆಲಸದ ರೀತಿ ಹೇಳಬೇಕು. ಆಗ ಗಾಂಜಾ, ಅಫೀಮು ಎರಡನ್ನೂ ಸರ್ಕಾರದ ಪರವಾನಗಿ ಇದ್ದ ಅಂಗಡಿಯಲ್ಲಿ ಮಾರುತ್ತಿದ್ದರು. ಅಂಗಡಿಯಲ್ಲಿ ಸ್ವಲ್ಪ ಕೊಂಡು ಇಟ್ಟುಕೊಂಡರೆ ತಪ್ಪಿಲ್ಲ. ಅಂಗಡಿಯ ಹೊರಗೆ ಮಾರಿದರೆ ತಪ್ಪು, ಬೆಳೆದರೆ ತಪ್ಪು, ಮಿತಿ ಮೀರಿ ಇಟ್ಟುಕೊಂಡರೆ ತಪ್ಪು. ಕಳ್ಳಮಾರಾಟಗಾರರನ್ನು ಹಿಡಿಯಲು ನಮಗಿದ್ದ ದಾರಿ ಒಂದೇ. ವೇಷ ಹಾಕಿಕೊಂಡು ಹೋಗಿ, ಗುರುತಿಲ್ಲದವರನ್ನು “ಸಿಗುತ್ತೇನಪ್ಪ?” ಎಂದು ಕೇಳುವುದು. ಯಾರು ಕೊಟ್ಟರೋ ಅವರ ಕೈ ಹಿಡಿಯುವುದು.

ನನ್ನ ಮೊದಲ ವೇಷ ಮಳವಳ್ಳಿಯಲ್ಲಿದ್ದಾಗ. ನಮ್ಮ ಇನ್ಸ್‌ಪೆಕ್ಟರು ನಾಗಪ್ಪಯ್ಯನವರು ಸೌಮ್ಯ ಮನುಷ್ಯರು, ನಶ್ಯದ ಡಬ್ಬಿ ಬಿಟ್ಟರೆ ಬೇರಾವ ಆಯುಧವನ್ನೂ ಕೈಯಲ್ಲಿ ಹಿಡಿದವರಲ್ಲ. ಶಿವನಸಮುದ್ರಕ್ಕೆ ನೀರು ಬೀಳುವುದನ್ನು ನೋಡಲು ಬರುವವರಿಗೆ ಯಾರೋ ಗಾಂಜಾ ಮಾರುತ್ತಾರೆಂದು ಸುದ್ದಿ ಬಂದಿತ್ತು. ನನ್ನನ್ನು ಯಾತ್ರಿಕನ ವೇಷದಲ್ಲಿ ಕಳಿಸಿದರು. ಹರಕು ಪಂಚೆ, ಹೆಗಲಿಗೆ ಜೋಳಿಗೆ, ಮೂರು ದಿನದ ಗಡ್ಡ. ಸೇತುವೆಯ ಹತ್ತಿರ ಕೂತಿದ್ದ ಒಬ್ಬ ಮುದುಕನ ಪಕ್ಕ ಕುಕ್ಕರಿಸಿ, ಗುಟ್ಟಾಗಿ, “ಅಜ್ಜ, ಗಾಂಜಾ ಎಲ್ಲಿ ಸಿಗುತ್ತೆ?” ಎಂದೆ.

ಮುದುಕ ನನ್ನ ಮುಖ ನೋಡಲಿಲ್ಲ, ಕಾಲು ನೋಡಿದ.

“ಅಬ್ಕಾರಿಯೋರಾ?”

“ಅಲ್ಲವಲ್ಲ. ಯಾಕೆ?”

“ಗಾಂಜಾ ಸೇದೋನು ಬೂಟ್ಸಿಗೆ ಪಾಲೀಸ್ ಆಕ್ಕೊಂಡ್ ಬರಾಕಿಲ್ಲ ಕಣಪ್ಪ.”

ಬೂಟ್ಸು ಬಿಚ್ಚುವುದನ್ನೇ ಮರೆತಿದ್ದೆ. ಜೋಳಿಗೆಗೆ ತುರುಕಿ ಬರಿಗಾಲಲ್ಲಿ ಮುಂದೆ ಹೋದೆ. ಕಾದ ಕಲ್ಲಿನ ಮೇಲೆ ಕುಣಿಯುತ್ತ ಇನ್ನಿಬ್ಬರನ್ನು ಕೇಳಿದೆ. ಎರಡನೆಯವನು ವಿದ್ಯುತ್ ಮನೆಯ ಕಾವಲುಗಾರ. ಅವನು ನನ್ನ ರಟ್ಟೆ ಹಿಡಿದು ದರದರನೆ ಎಳೆದುಕೊಂಡು ಹೋಗಿ ಒಂದು ಶೆಡ್ಡಿನಲ್ಲಿ ಕೂರಿಸಿದ.

“ನಾನೇನು ಮಾಡಿದೆನಯ್ಯ? ಕೇಳಿದೆ ಅಷ್ಟೆ. ನನ್ನ ಹತ್ತಿರ ಏನಾದರೂ ಇದೆಯಾ ನೋಡು!” ಎಂದು ಕೂಗಾಡಿದೆ.

“ಕೇಳೋದ್ ಏನ್ ಕಡ್ಮೆ ತಪ್ಪೇನ್ಲಾ? ಮುಚ್ಕೊಂಡ್ ಕುಂತ್ಕೊ” ಎಂದು ಅವನು ಬಾಗಿಲು ಹಾಕಿದ.

ಅರ್ಧ ದಿನವಾದ ಮೇಲೆ ನಾಗಪ್ಪಯ್ಯನವರು ಬಂದು ಬಿಡಿಸಿದರು. ದಾರಿಯುದ್ದಕ್ಕೂ ನಕ್ಕರು, ನಕ್ಕು ನಕ್ಕು ನಶ್ಯ ಕಣ್ಣಿಗೆ ಹೋಯಿತು. ನನಗೆ ಮಾತ್ರ ನಗು ಬರಲಿಲ್ಲ. ಏನೂ ಮಾಡದೆ ಬರೀ ಒಂದು ಮಾತು ಕೇಳಿದ್ದಕ್ಕೆ ಕೂಡಿಹಾಕಿದರಲ್ಲ ಎಂಬ ಸಿಟ್ಟು ಒಂದು ವಾರ ಇತ್ತು.

ಸಿಟ್ಟು ವಾರಕ್ಕೇ ಮುಗಿದದ್ದು ತಪ್ಪಾಯಿತು. ಇನ್ನೂ ನಾಲ್ಕು ವರ್ಷ ಉಳಿದಿದ್ದರೆ ಚೆನ್ನಾಗಿತ್ತು.

ಯುದ್ಧದ ದಿನಗಳಲ್ಲಿ ನನಗೆ ಮದ್ದೂರಿಗೆ ವರ್ಗವಾಯಿತು. ಬಸ್ಸುಗಳು ಪೆಟ್ರೋಲಿಲ್ಲದೆ ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದ ಕಾಲ. ಏರು ಬಂದರೆ ಇಳಿದು ನೂಕಬೇಕು. ಸೀಮೆಎಣ್ಣೆ ಇಲ್ಲ, ಸಕ್ಕರೆ ಕಾರ್ಖಾನೆಯ ಪಕ್ಕದಲ್ಲೇ ಇದ್ದರೂ ಸಕ್ಕರೆ ಇಲ್ಲ. ಅಲ್ಲಿಗೆ ಹೊಸದಾಗಿ ಒಬ್ಬ ಸಾಹೇಬರು ಬಂದಿದ್ದರು, ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಚುರುಕು. ಹೆಸರು ಬೇಡ. ನಮ್ಮ ಹಳೆಯ ಪದ್ಧತಿ ಕೇಳಿ ಅವರು ಮೂಗು ಮುರಿದರು.

“ಊರೂರು ಅಲೆದು ಕೇಳೋದೇನ್ರೀ? ಒಂದು ಕಡೆ ಕೂತ್ಕೊಳ್ಳಿ, ಅವರೇ ಬಂದು ಕೇಳ್ತಾರೆ. ಕೇಳಿದವನನ್ನ ಹಿಡೀರಿ. ಕೇಳೋನಿಲ್ಲದಿದ್ದರೆ ಮಾರೋನು ಎಲ್ಲಿರ್ತಾನೆ?”

ಹೀಗೆ ಪದ್ಧತಿ ತಿರುವುಮುರುವಾಯಿತು. ನಮ್ಮ ಪೇದೆ ಬೋರಯ್ಯನಿಗೆ ಕಾವಿ ಉಡಿಸಿ, ಬೂದಿ ಬಳಿದು, ಕೈಗೆ ಖಾಲಿ ಚಿಲುಮೆ ಕೊಟ್ಟು ಸಂತೆಯ ಅರಳಿಮರದ ಕೆಳಗೆ ಕೂರಿಸುವುದು. ಯಾರಾದರೂ ಬಂದು “ಸಾಮಿ, ವಸಿ ಗಾಂಜಾ ಇದ್ಯಾ?” ಎಂದರೆ ಬೋರಯ್ಯ ಶಂಖ ಊದುವುದು, ನಾವು ಹೋಗಿ ಹಿಡಿಯುವುದು. ಬೋರಯ್ಯ ಭಾರಿ ಖುಷಿಯಲ್ಲಿದ್ದ. ಸಂತೆಯ ಹೆಂಗಸರು ಕಾಲಿಗೆ ಬಿದ್ದು ಬಾಳೆಹಣ್ಣು ಇಟ್ಟು ಹೋಗುತ್ತಿದ್ದರು.

ನನಗೆ ಯೋಚನೆ ಶುರುವಾಯಿತು. ನಮ್ಮ ನಿಯಮದ ಪುಸ್ತಕ ತೆಗೆದು ಅಪರಾಧಗಳ ಪಟ್ಟಿಯ ಮೇಲೆ ಬೆರಳಿಟ್ಟು ಓದಿದೆ. ಬೆಳೆಯುವುದು, ತಯಾರಿಸುವುದು, ಸಾಗಿಸುವುದು, ಇಟ್ಟುಕೊಳ್ಳುವುದು, ಮಾರುವುದು ಎಲ್ಲ ಇತ್ತು. ಕೇಳುವುದು ಇರಲಿಲ್ಲ. ಪುಸ್ತಕ ಹಿಡಿದುಕೊಂಡೇ ಸಾಹೇಬರ ಕೋಣೆಗೆ ಹೋದೆ.

“ಸಾರ್, ಇದರಲ್ಲಿ ಕೇಳೋದು ಅಂತ ಎಲ್ಲೂ ಬರೆದಿಲ್ಲ.”

“ಕುಮ್ಮಕ್ಕು ಅಂತ ಇದೆಯಲ್ಲ? ‘ಕೊಡು’ ಅಂತ ಕೇಳೋದು ಅಂದರೆ ‘ಅಪರಾಧ ಮಾಡು’ ಅಂತ ಕೇಳಿದ ಹಾಗೆ. ಅದೇ ಕುಮ್ಮಕ್ಕು. ನಿಮಗೆ ಯೋಚನೆ ಜಾಸ್ತಿ ಕಣ್ರೀ, ಹೋಗಿ.”

ಹೋದೆ. ಯೋಚನೆ ಜಾಸ್ತಿ ಎಂದು ಎಲ್ಲರೂ ಹೇಳುತ್ತಿದ್ದರಿಂದ, ಸರಿಯಾದ ಯೋಚನೆ ಬಂದಾಗಲೂ ಅದನ್ನು ಕಾಯಿಲೆ ಎಂದೇ ತಿಳಿದುಕೊಳ್ಳುವುದು ನನಗೆ ಅಭ್ಯಾಸವಾಗಿತ್ತು. ಸಿಕ್ಕಿಬಿದ್ದವರೆಲ್ಲ ಹೆದರಿಕೆಯಿಂದ “ತಪ್ಪಾಯ್ತು ಬುದ್ಧಿ” ಎಂದು ಒಪ್ಪಿಕೊಂಡು ದಂಡ ಕಟ್ಟಿ ಹೋಗುತ್ತಿದ್ದರು. ಕೇಳುವುದು ತಪ್ಪೇ ಎಂದು ಕೇಳಿದವರು ಒಬ್ಬರೂ ಇರಲಿಲ್ಲ.

ಹೀಗಿರುವಾಗ ಒಂದು ಸಂತೆಯ ದಿನ ಚಿಕ್ಕೇಗೌಡ ಬಂದ.

ಅವನ ಹೆಸರು ನನಗೆ ಆಮೇಲೆ ತಿಳಿದದ್ದು. ಆತಗೂರಿನ ಕಡೆಯ ಒಂದು ಸಣ್ಣ ಹಳ್ಳಿಯವನು, ಐವತ್ತರ ಆಸುಪಾಸು, ಎತ್ತರದ ಒಣಕಲು ಆಳು. ನಾನು ಬೀಜದ ಅಂಗಡಿಯ ಮರೆಯಲ್ಲಿ ನಿಂತು ನೋಡುತ್ತಿದ್ದೆ. ಅವನು ದನದ ಸಾಲಿನಿಂದ ಹಿಡಿದು ಕಂಬಳಿಯವರ ಸಾಲಿನವರೆಗೆ ಒಬ್ಬೊಬ್ಬರ ಮುಂದೆಯೂ ನಿಂತು, ಹೆಗಲ ಮೇಲಿನ ವಲ್ಲಿಬಟ್ಟೆಯನ್ನು ಎರಡೂ ಕೈಯಲ್ಲಿ ಒಡ್ಡಿ ಏನೋ ಕೇಳುತ್ತಿದ್ದ. ಅವರು ತಲೆಯಾಡಿಸುತ್ತಿದ್ದರು. ಇವನು ಬಟ್ಟೆ ಮಡಿಸಿ ಮುಂದಕ್ಕೆ ಹೋಗುತ್ತಿದ್ದ. ಕಳ್ಳತನದ ಲಕ್ಷಣ ಒಂದೂ ಇರಲಿಲ್ಲ. ದೇವರ ಹರಕೆಗೆ ಭಿಕ್ಷೆ ಎತ್ತುವವನಂತೆ ಗಟ್ಟಿಯಾಗಿ, ನೆಟ್ಟಗೆ ಕೇಳುತ್ತಿದ್ದ. ಕೊನೆಗೆ ಬೋರಯ್ಯನ ಮುಂದೆ ಬಂದು ನಿಂತ.

“ಸಾಮಿ, ನೀವ್ ನಮ್ಮೂರೋರಲ್ಲ, ನಂಟರಲ್ಲ. ಒಂದ್ ಕಡ್ಲೆಕಾಳ್ನಷ್ಟು ಅಫೀಮು ಇದ್ರೆ ಈ ಬಟ್ಟೆಗ್ ಆಕಿ.”

ಬೋರಯ್ಯ ಶಂಖ ಊದಿದ.

ನಾನು ಓಡಿಹೋಗಿ ಹಿಡಿದೆ. ಅವನು ಓಡಲಿಲ್ಲ, ಕೊಸರಲಿಲ್ಲ. ಶಂಖ ಊದಿದ್ದು ಆಶೀರ್ವಾದವೆಂದು ತಿಳಿದು ಬಟ್ಟೆ ಒಡ್ಡಿಕೊಂಡೇ ನಿಂತಿದ್ದ.

“ಯಾಕಯ್ಯ ಅಫೀಮು ನಿನಗೆ?”

“ನಂಗಲ್ಲ ಬುದ್ಧಿ, ನನ್ ಎಂಡ್ರಿಗೆ. ಸಾಕಮ್ಮ ಅಂತ. ಒಟ್ಟೇಲಿ ಗೆಡ್ಡೆ ಆಗದೆ. ಆರ್ ತಿಂಗ್ಳಾಯ್ತು ಮಲಿಕ್ಕೊಂಡು. ಎದ್ ಕೂರಂಗಿಲ್ಲ, ನೋವಲ್ಲಿ ಬಟ್ಟೆ ಕಚ್ತಾಳೆ.”

“ಅಂಗಡಿ ಇದೆಯಲ್ಲ, ಸರ್ಕಾರದ್ದು? ಅಲ್ಲಿ ತಗೋಬೇಕಾಗಿತ್ತು.”

“ತಕ್ಕಂಡೋಗಿದ್ದೆ ಬುದ್ಧಿ, ಎಲ್ಡ್ ಕಿತ. ದುಡ್ ಕೊಟ್ ತಂದಿದ್ದು ಅವ್ಳಿಗ್ ನಾಟ್ನಿಲ್ಲ. ಮದ್ದು ಕೊಡೋ ನಮ್ಮ್ ಪಂಡಿತ್ರು, ಕಂಡಿಲ್ದೋರ ಮುಂದೆ ಬಟ್ಟೆ ಒಡ್ಡಿ ಇಸ್ಕೊಂಡ್ ಬಾ, ಅದ್ ಇಡೀತದೆ ಅಂದ್ರು. ಅದ್ಕೇ ಬಂದೆ.”

ಈ ಕಡೆ ಅಂಥ ಪದ್ಧತಿ ಇದ್ದದ್ದು ನನಗೂ ಗೊತ್ತು. ಜಗ್ಗದ ಕಾಯಿಲೆಗೆ ಮದ್ದನ್ನು ಕೊಳ್ಳಬಾರದು, ಬೇಡಿ ತರಬೇಕು, ಬೇಡುವುದೂ ಗುರುತಿಲ್ಲದವರನ್ನು. ಗೊತ್ತಿದ್ದೂ, ಪಕ್ಕದಲ್ಲೇ ಅಂಗಡಿ ಇಟ್ಟುಕೊಂಡು ಸಂತೆಯಲ್ಲಿ ಕೇಳುತ್ತಾನೆಂದರೆ ಕಳ್ಳಮಾಲಿಗೇ ಬಂದಿದ್ದಾನೆ ಎಂದು ಸಾಹೇಬರು ಹೇಳಿಯಾರು, ಬಿಟ್ಟರೆ ನನ್ನನ್ನು ಕೇಳಿಯಾರು ಎಂಬ ಯೋಚನೆಯೇ ಗೆದ್ದಿತು. ಮಹಜರು ಬರೆದೆ. ಜಪ್ತಿ ಮಾಡಿದ ವಸ್ತು ಎಂಬ ಕಡೆ ಏನಾದರೂ ಬರೆಯಲೇಬೇಕಲ್ಲ. ‘ಬರಿದಾದ ವಲ್ಲಿಬಟ್ಟೆ ಒಂದು’ ಎಂದು ಬರೆದು, ಬಟ್ಟೆಯನ್ನು ಮಡಿಸಿ, ಅರಗಿನ ಮುದ್ರೆ ಒತ್ತಿದೆ. ಒತ್ತುವಾಗ ಅರಗು ಬಟ್ಟೆಯ ಮೇಲೆಲ್ಲ ಚೆಲ್ಲಿತು.

ಎಲ್ಲರ ಹಾಗೆ ಒಪ್ಪಿಕೊಂಡು ದಂಡ ಕಟ್ಟಿ ಹೋಗು ಎಂದು ನಾನೇ ಹೇಳಿಕೊಟ್ಟೆ. ಅವನಿಗೆ ಅರ್ಥವಾಗಲಿಲ್ಲ.

“ಏನಂತ ಒಪ್ಕಳ್ಳಿ ಬುದ್ಧಿ? ಕೇಳ್ದೆ, ಅದ್ ನಿಜ. ತಪ್ ಮಾಡ್ದೆ ಅಂತ ಎಂಗ್ ಅನ್ನನ? ಅಂಗಂದ್ರೆ ಬೇಡಿದ್ ಮದ್ದು ಕೆಟ್ಟೋಯ್ತದೆ.”

ಮ್ಯಾಜಿಸ್ಟ್ರೇಟರು ಕ್ಯಾಂಪಿನ ಮೇಲೆ ಹೋಗಿದ್ದರು. ಜಾಮೀನು ಕೊಡಲು ಅವನ ಊರಿನಿಂದ ಯಾರೂ ಬರಲಿಲ್ಲ. ಸುದ್ದಿ ಮುಟ್ಟಿಸುವ ಕೆಲಸ ನನ್ನದಾಗಿತ್ತು, ನಾನು ಅದನ್ನು ಬೋರಯ್ಯನಿಗೆ ಹೇಳಿದ್ದೆ, ಬೋರಯ್ಯ ಸಾಬೂನು ಹಚ್ಚಿ ಬೂದಿ ತೊಳೆಯುವುದರಲ್ಲಿ ಮರೆತಿದ್ದ. ಐದು ದಿನ ಚಿಕ್ಕೇಗೌಡ ಲಾಕಪ್ಪಿನಲ್ಲಿದ್ದ. ಬೆಳಿಗ್ಗೆ ಸಂಜೆ ನಾನು ಕಂಬಿಯ ಹತ್ತಿರ ಹೋದಾಗಲೆಲ್ಲ ಅವನು ಕೇಳುತ್ತಿದ್ದದ್ದು ಒಂದೇ. “ಅವ್ಳಿಗೆ ನೀರ್ ಕುಡ್ಸಕೆ ನಾನೇ ಎತ್ತಿ ಕೂರುಸ್ಬೇಕು ಬುದ್ಧಿ. ನಾದಿನಿ ಕೈಲಾಗಾಕಿಲ್ಲ. ಯಾವತ್ ಬುಡ್ತೀರಿ?”

ನಾಳೆ ಎನ್ನುತ್ತಿದ್ದೆ. ಐದು ದಿನವೂ ಅದನ್ನೇ ಅಂದೆ.

ಮ್ಯಾಜಿಸ್ಟ್ರೇಟರು ವಾಪಸು ಬಂದು ಕೋರ್ಟು ಕಚೇರಿ ನಡೆಸಿದ ದಿನ ಮಂಡ್ಯದ ಒಬ್ಬ ವಯಸ್ಸಾದ ವಕೀಲರು ಬೇರೆ ಯಾವುದೋ ಗದ್ದೆಯ ಕೇಸಿಗೆ ಬಂದು ಜಗಲಿಯಲ್ಲಿ ಕೂತಿದ್ದರು. ಚಿಕ್ಕೇಗೌಡನ ಕಥೆ ಕೇಳಿ, ಬಿಸಿಲಿಗೆ ಬೇಜಾರಾಗಿತ್ತೋ ಏನೋ, ಇವನ ಪರವಾಗಿ ನಾನೇ ನಿಲ್ಲುತ್ತೇನೆ ಎಂದು ಎದ್ದುಬಂದರು. ನನ್ನನ್ನು ಕಟಕಟೆಗೆ ಕರೆದರು.

“ಆರೋಪಿಯ ಹತ್ತಿರ ಏನು ಸಿಕ್ಕಿತು ಸ್ವಾಮಿ?”

“ಒಂದು ವಲ್ಲಿಬಟ್ಟೆ.”

“ಬಟ್ಟೆಯೊಳಗೆ?”

“ಏನೂ ಇಲ್ಲ.”

“ನಿಮ್ಮ ಬೈರಾಗಿಯ ಹತ್ತಿರ ಅಫೀಮು ಇತ್ತೋ?”

“ಇರಲಿಲ್ಲ.”

“ಕೊಡುವವನ ಹತ್ತಿರ ಇಲ್ಲ, ಕೇಳಿದವನ ಹತ್ತಿರ ಇಲ್ಲ. ಇಲ್ಲದ ಪದಾರ್ಥಕ್ಕೆ ಅರಗಿನ ಮುದ್ರೆ ಮಾತ್ರ ಇದೆ. ಆಯಿತು. ನೀವು ಇಲಾಖೆಗೆ ಸೇರಿದ ಮೇಲೆ, ಗುರುತಿಲ್ಲದವರನ್ನು ಗಾಂಜಾ ಅಫೀಮು ಕೊಡಿ ಎಂದು ಕೇಳಿದ್ದುಂಟೋ?”

“ಕೆಲಸದ ಮೇಲೆ...”

“ಉಂಟೋ ಇಲ್ಲವೋ?”

“ಉಂಟು.”

“ಎಷ್ಟು ಸಲ?”

ನಾನು ಯೋಚಿಸಿದೆ. ಪ್ರಾಮಾಣಿಕವಾಗಿ ಎಣಿಸಲು ಹೊರಟದ್ದೇ ತಪ್ಪಾಯಿತು. ಬಾಯಲ್ಲಿ ಊರುಗಳ ಹೆಸರು ಹೇಳಿಕೊಂಡು ಬೆರಳು ಮಡಿಸುತ್ತಿದ್ದುದನ್ನು ನೋಡಿ ಕಚೇರಿಯಲ್ಲಿದ್ದವರೆಲ್ಲ ನಕ್ಕರು.

“ಸಾಕು ಬಿಡಿ. ಈ ತಾಲ್ಲೂಕಿನಲ್ಲಿ ಕೇಳಿದ್ದೇ ಅಪರಾಧವಾದರೆ ಮೊದಲ ಆರೋಪಿ ಕಟಕಟೆಯಲ್ಲೇ ನಿಂತಿದ್ದಾರೆ” ಎಂದು ವಕೀಲರು ಕೂತರು.

ಸಾಹೇಬರು ಎದ್ದು ಕುಮ್ಮಕ್ಕಿನ ಮಾತು ಹೇಳಿದರು. ಮ್ಯಾಜಿಸ್ಟ್ರೇಟರು ತಾಳ್ಮೆಯಿಂದ ಕೇಳಿ, ಕನ್ನಡಕ ಒರೆಸಿಕೊಂಡು ಹೇಳಿದ್ದು ಇಷ್ಟು: ಬಾಯಲ್ಲಿ ಕೇಳುವುದಕ್ಕೂ ಕೈಯಲ್ಲಿ ತೆಗೆದುಕೊಳ್ಳುವುದಕ್ಕೂ ನಡುವೆ ದೂರ ಇದೆ. ಆ ದೂರದಲ್ಲಿ ಮನುಷ್ಯ ಮನಸ್ಸು ಬದಲಾಯಿಸಬಹುದು, ಎದುರಿನವನು ಇಲ್ಲ ಎನ್ನಬಹುದು. ಬರೀ ಕೇಳಿದವನನ್ನು ಶಿಕ್ಷಿಸಲು ನನ್ನ ಮುಂದಿರುವ ಪುಸ್ತಕದಲ್ಲಿ ಏನೂ ಇಲ್ಲ. ಬಿಟ್ಟುಬಿಡಿ.

ನನ್ನ ಸಂಶಯವೇ ಗೆದ್ದಿತ್ತು. ಆದರೆ ಅದು ಎದುರು ಪಕ್ಷದಲ್ಲಿ ನಿಂತು ಗೆದ್ದಿತ್ತು.

ಬಟ್ಟೆಯನ್ನು ವಾಪಸು ಕೊಡಲು ಜಗಲಿಗೆ ಹೋದೆ. ಚಿಕ್ಕೇಗೌಡ ಅದನ್ನು ಕೊಡವಿ ನೋಡಿದ. ಅರಗು ಕಲೆಕಲೆಯಾಗಿ ಅಂಟಿಕೊಂಡಿತ್ತು.

“ಬುದ್ಧಿ, ಅಂಗಾದ್ರೆ ಕೇಳ್ಬೈದಾ?”

“ಕೇಳಬಹುದು. ಕೇಳೋದು ತಪ್ಪಲ್ಲ ಅಂದರಲ್ಲ.”

ಅವನು ಆ ಬಟ್ಟೆಯನ್ನು ಎರಡೂ ಕೈಯಲ್ಲಿ ಬಿಡಿಸಿ ನನ್ನ ಮುಂದೆ ಒಡ್ಡಿದ.

“ನೀವೂ ನಮ್ಮೂರೋರಲ್ಲ, ನಂಟರಲ್ಲ. ನಿಮ್ ಆಪೀಸ್ನಾಗೆ ಬೀರು ತುಂಬ ಅದೆ, ಕಂಬಿ ಒಳ್ಗಿಂದ ನೋಡಿವ್ನಿ. ಒಂದ್ ಕಡ್ಲೆಕಾಳ್ನಷ್ಟು ಆಕಿ ಬುದ್ಧಿ.”

ವ್ಯಂಗ್ಯವಾಗಿ ಕೇಳಿದನೇನೋ ಎಂದು ಮುಖ ನೋಡಿದೆ. ಅಲ್ಲ, ಸಂತೆಯಲ್ಲಿ ಕೇಳಿದ ಹಾಗೆಯೇ ಕೇಳುತ್ತಿದ್ದ. ಬೀರುವಿನಲ್ಲಿದ್ದದ್ದು ಜಪ್ತಿಯಾದ ಮಾಲು, ಮುಟ್ಟುವ ಹಾಗಿಲ್ಲ. ಅಂಗಡಿಯಿಂದ ಕೊಂಡು ಕೊಡೋಣವೆಂದರೆ, ಕೇಳುವುದು ತಪ್ಪಲ್ಲದಿದ್ದರೂ ಕೊಡುವುದು? ಅಬ್ಕಾರಿಯವನೇ ಕಚೇರಿಯ ಜಗಲಿಯಲ್ಲಿ ಅಫೀಮು ಕೊಟ್ಟ ಎಂದರೆ? ಐದು ದಿನ ಅವನನ್ನು ಕೂಡಿಹಾಕಿದ ಬಾಯಿಂದ ಇಲ್ಲ ಎನ್ನಲು ನಾಚಿಕೆ. ಹೂಂ ಎನ್ನಲು ಭಯ. ವರ್ಷಗಟ್ಟಲೆ ಸರ್ಕಾರದಲ್ಲಿದ್ದವನಿಗೆ ಇಂಥ ಹೊತ್ತಿನಲ್ಲಿ ತಾನಾಗಿ ಬರುವ ಒಂದು ಮಾತಿದೆ. ಅದು ಬಂತು.

“ನೋಡೋಣಪ್ಪ” ಎಂದೆ.

ಅವನು ಕೈ ಮುಗಿದು, ಇದ್ದಿಲು ಬಸ್ಸಿಗೂ ಕಾಯದೆ ನಡೆದುಕೊಂಡು ಹೋದ.

ಎರಡು ದಿನ ಪುಸ್ತಕ ಓದಿದೆ. ಕೊನೆಗೆ ಸಿಕ್ಕಿತು. ‘ಮಾರಾಟ’ ಎಂದರೇನು ಎಂದು ವಿವರಿಸುವ ಕಡೆ, ಪುಕ್ಕಟೆಯಾಗಿ ಕೊಡುವುದು ಮಾರಾಟವಲ್ಲ ಎಂಬ ಅರ್ಥ ಬರುವ ಒಂದು ಸಾಲು. ಅಂಗಡಿಯಲ್ಲಿ ಮಿತಿಯೊಳಗೆ ಕೊಂಡು ಸುಮ್ಮನೆ ಕೊಟ್ಟರೆ ತಪ್ಪಿಲ್ಲ! ಎದ್ದು ಚಪ್ಪಲಿ ಮೆಟ್ಟಿಕೊಂಡೆ. ಬಾಗಿಲ ಹತ್ತಿರ ಹೋದ ಮೇಲೆ, ನನಗೆ ಬಂದ ಅರ್ಥವೇ ಸರಿಯೆಂದು ಏನು ಖಾತರಿ ಎನಿಸಿತು. ಒಂದು ಸಲ ಪುಸ್ತಕದ ಅರ್ಥ ತಪ್ಪಿ ಕಚೇರಿಯಲ್ಲಿ ನಗೆಪಾಟಲಾದದ್ದು ಇನ್ನೂ ಹಸಿಯಾಗಿತ್ತು. ಚಪ್ಪಲಿ ಬಿಚ್ಚಿ, ಮೇಲಿನ ಕಚೇರಿಗೆ ಒಂದು ಕಾಗದ ಬರೆದೆ. ‘ಪರವಾನಗಿ ಅಂಗಡಿಯಲ್ಲಿ ಕೊಂಡ ಅಲ್ಪ ಪ್ರಮಾಣದ ಅಫೀಮನ್ನು ರೋಗಿಗೆ ಪುಕ್ಕಟೆಯಾಗಿ ಕೊಡಬಹುದೇ ಎಂಬ ಬಗ್ಗೆ ದಯಮಾಡಿ ಸ್ಪಷ್ಟನೆ ನೀಡಬೇಕು.’

“ಯಾರಿಗೆ ಕಾಗದ?” ಎಂದಳು ಸೀತಮ್ಮ. ಹೇಳಿದೆ.

“ಅಲ್ಲಾರೀ, ಆಕೆ ಅಲ್ಲಿ ನೋವಿನಲ್ಲಿ ಬಟ್ಟೆ ಕಚ್ತಿದ್ದಾಳೆ, ನೀವು ಇಲ್ಲಿ ಸ್ಪಷ್ಟನೆ ಕೇಳ್ತಿದ್ದೀರಾ? ಅಂಗಡಿ ನಾಲ್ಕು ಹೆಜ್ಜೆ ಇದೆ.”

“ನಿನಗೆ ಗೊತ್ತಾಗಲ್ಲ. ಇದು ಕಾನೂನಿನ ವಿಷಯ.”

ಅವಳು ಮಸಿಕುಡಿಕೆಯನ್ನು ನನ್ನ ಕಡೆಗೆ ನೂಕಿ ಒಳಗೆ ಹೋದಳು.

ಮುಂದಿನ ಸಂತೆಯ ದಿನ ಆಫೀಸಿನ ಕಿಟಕಿಯಿಂದ ನೋಡಿದರೆ ಎದುರಿನ ಹೊಂಗೆಮರದ ಕೆಳಗೆ ಚಿಕ್ಕೇಗೌಡ ನಿಂತಿದ್ದ. ಒಳಗೆ ಬರಲಿಲ್ಲ, ಕೂಗಲಿಲ್ಲ. ಬಾಗಿಲ ಕಡೆ ನೋಡುತ್ತ ನಿಂತಿದ್ದ. ಐದು ದಿನ ಕೂಡಿಹಾಕಿದ್ದಕ್ಕೆ ಜಗಳಕ್ಕೆ ಬಂದಿದ್ದಾನೆ ಎಂದುಕೊಂಡೆ. ಜಗಳವಲ್ಲದಿದ್ದರೆ ಇನ್ನೂ ಕಷ್ಟ. ಉತ್ತರ ಬಂದಿಲ್ಲವಲ್ಲ, ಏನು ಹೇಳಲಿ? ಹಿಂಬಾಗಿಲಿನಿಂದ ಮನೆಗೆ ಹೋದೆ. ಅದರ ಮುಂದಿನ ಸಂತೆಗೂ ಬಂದ. ಅದರ ಮುಂದಿನದಕ್ಕೂ ಬಂದ. ಮೂರು ಸಲವೂ ನಾನು ಹಿಂಬಾಗಿಲನ್ನೇ ನಂಬಿದೆ. ನಾಲ್ಕನೆಯ ಸಂತೆಗೆ ಮರದ ಕೆಳಗೆ ಯಾರೂ ಇರಲಿಲ್ಲ. ನಿಜ ಹೇಳಬೇಕೆಂದರೆ, ಆವತ್ತು ನನಗೆ ಸಮಾಧಾನವಾಯಿತು.

ಉತ್ತರ ಬಂದದ್ದು ಎರಡು ತಿಂಗಳ ಮೇಲೆ. ನಿಯಮದಂತೆ ಅಭ್ಯಂತರ ಕಾಣುವುದಿಲ್ಲ, ಆದರೆ ಇಲಾಖೆಯ ನೌಕರರು ಇಂಥ ವಿಷಯದಲ್ಲಿ ತೊಡಗದಿರುವುದು ಲೇಸು ಎಂದಿತ್ತು. ಮೊದಲಿನ ಅರ್ಧವನ್ನು ಹಿಡಿದುಕೊಂಡು ಅಂಗಡಿಗೆ ಹೋದೆ. ಜೀವನದಲ್ಲಿ ಮೊದಲ ಸಲ ನನ್ನದೇ ಬಟ್ಟೆಯಲ್ಲಿ, ನನ್ನದೇ ಹೆಸರಿನಲ್ಲಿ ಅಫೀಮು ಕೇಳಿದೆ. ಅಂಗಡಿಯವನು ಬೆವತುಬಿಟ್ಟ. ಏನೋ ತಪಾಸಣೆ ಎಂದು ತಿಳಿದು ತಕ್ಕಡಿಯನ್ನು ಮೂರು ಸಲ ಒರೆಸಿ, ತೂಗಿ, “ತಪ್ಪೇನಾದ್ರೂ ಇದ್ರೆ ಹೇಳ್ಬಿಡಿ ಸಾರ್” ಎಂದು ಕೈಮುಗಿದ. ಕಡಲೆಕಾಳಿನಷ್ಟು ಗಾತ್ರದ ಎರಡು ಗುಳಿಗೆಗಳನ್ನು ಕಾಗದದಲ್ಲಿ ಕಟ್ಟಿಸಿಕೊಂಡು ಜೇಬಿಗೆ ಹಾಕಿ ಸೈಕಲ್ ಹತ್ತಿದೆ.

ಊರು ಹುಡುಕುವುದು ಕಷ್ಟವಾಗಲಿಲ್ಲ. ಚಿಕ್ಕೇಗೌಡ ಮನೆಯ ಮುಂದೆ ಕೂತು ಹಗ್ಗ ಹೊಸೆಯುತ್ತಿದ್ದ. ತಲೆ ಬೋಳಿಸಿ ಕೂದಲು ಅರ್ಧ ಅಂಗುಲ ಬಂದಿತ್ತು. ಅದನ್ನು ನೋಡಿದ ಮೇಲೆ ಕೇಳುವುದೇನೂ ಉಳಿದಿರಲಿಲ್ಲ. ಆದರೂ ಕೇಳಿದೆ.

“ಯಾವಾಗ?”

“ನಲ್ವತ್ ದಿನ ಆಯ್ತು. ಕುಂತ್ಕೊಳ್ಳಿ ಬುದ್ಧಿ.” ಒಳಗೆ ತಿರುಗಿ, “ನೀರ್ ತಕ್ಕಂಬಾಮ್ಮಿ, ಅಬ್ಕಾರಿಯೋರು ಬಂದವ್ರೆ” ಎಂದು ಕೂಗಿದ. ನಾದಿನಿ ಚೊಂಬು ತಂದಿಟ್ಟಳು. ನನ್ನ ಮುಖವನ್ನೇ ದಿಟ್ಟಿಸಿ ನೋಡಿ ಒಳಗೆ ಹೋದಳು.

ನಾನು ಕೂತೆ. ನೀರು ಕುಡಿದೆ. ಏನಾದರೂ ಹೇಳಬೇಕಾಗಿತ್ತು.

“ನನ್ನ ಕೈಲಿ ಆಗದಿದ್ದರೂ, ಬೇರೆ ಯಾರಾದರೂ ಕೊಟ್ಟಿರಬೇಕಲ್ಲ ಚಿಕ್ಕೇಗೌಡ. ಅಷ್ಟು ಸಂತೆ, ಅಷ್ಟು ಜನ.”

“ಯಾರ್ನೂ ಕೇಳ್ನಿಲ್ಲ ಬುದ್ಧಿ.”

“ಯಾಕೆ? ತಪ್ಪಲ್ಲ ಅಂತ ಕಚೇರಿಯಲ್ಲೇ ಹೇಳಿದರಲ್ಲ!”

ಅವನು ಹಗ್ಗದ ಎಳೆ ಬಿಡದೆ, ಸಣ್ಣ ಮಕ್ಕಳಿಗೆ ಹೇಳುವಂತೆ ಹೇಳಿದ. “ಕಾನೂನ್ಗಲ್ಲ ಬುದ್ಧಿ. ಒಬ್ರ ಮುಂದೆ ಬಟ್ಟೆ ಒಡ್ಡುದ್ ಮ್ಯಾಲೆ, ಅವ್ರು ಇಲ್ಲ ಅನ್ನಗಂಟ ಇನ್ನೊಬ್ರ ಮುಂದೆ ಒಡ್ಡಂಗಿಲ್ಲ. ಒಡ್ಡುದ್ರೆ ಎಲ್ಡೂ ನಾಟಾಕಿಲ್ಲ. ಸಂತೇಲಿ ಎಲ್ರೂ ಇಲ್ಲ ಅಂದ್ರು, ಮುಂದುಕ್ಕೋದೆ. ನೀವ್ ನೋಡೋಣ ಅಂದ್ರಿ. ಅದ್ಕೇ ಕಾದೆ.”

“ಬಂದು ಇನ್ನೊಂದು ಸಲ ಕೇಳಬಾರದಾಗಿತ್ತೇನಯ್ಯ?”

“ಎಲ್ಡ್ನೇ ಕಿತ ಬಾಯ್ಬುಟ್ ಕೇಳಂಗಿಲ್ಲ. ಕಾಣುಸ್ಕಬೈದು. ಅದ್ಕೇ ಮರದ್ ತಾವ ಬಂದ್ ನಿಂತ್ಕತಿದ್ದೆ, ಕಂಡ್ರೆ ಗ್ಯಾಪ್ಕ ಆಗ್ಲಿ ಅಂತ. ನೀವ್ ಒಳಗ್ ಇರ್ನಿಲ್ವೇನೋ. ಅವ್ಳೂ ಕೇಳೋಳು, ಆ ಅಬ್ಕಾರಿ ಸಾಮಿ ಏನಂದ್ರು ಅಂತ. ನೋಡ್ತೀನಿ ಅಂದವ್ರೆ, ತಡ್ಕೊ ಅಂತಿದ್ದೆ. ತಡ್ಕಂಡ್ಲು.”

ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನು ಏನಾದರೂ ಸಮಜಾಯಿಷಿ ಹೇಳಿ ಎದ್ದುಬರುತ್ತಿದ್ದೆ. ಇಲಾಖೆ, ಸಾಹೇಬರು, ಮೇಲಿನ ಕಚೇರಿ, ಅಂಚೆ, ಯಾರ ಮೇಲಾದರೂ ಹಾಕಬಹುದಿತ್ತು. ಸಂತೆಯಲ್ಲಿ ಇಲ್ಲ ಅಂದವರೆಲ್ಲ ಅವನಿಗೆ ಉಪಕಾರ ಮಾಡಿದ್ದರು, ಮುಂದಿನವರ ಹತ್ತಿರ ಕಳಿಸಿದ್ದರು. ತಡೆದು ನಿಲ್ಲಿಸಿದವನು ನಾನೊಬ್ಬನೇ.

ಆಮೇಲೆ ಅವನೇ ಹಗ್ಗ ಕೆಳಗಿಟ್ಟು ಹೇಳಿದ.

“ಬಂದಿದ್ದು ಒಳ್ಳೇದಾಯ್ತು ಬುದ್ಧಿ. ಅದ್ ಅಂಗೇ ನಿಂತದೆ, ಕೇಳಿದ್ದು. ಅವ್ಳ ಎಸ್ರಲ್ ಕೇಳಿದ್ದು ಅಂಗೇ ಬುಡಬಾರ್ದು. ಇಲ್ಲ ಅಂತ ಒಂದ್ ಮಾತ್ ಅಂದ್ಬುಡಿ. ಮುಗೀತದೆ.”

ನನ್ನ ಜೇಬಿನಲ್ಲಿ ಗುಳಿಗೆಗಳಿದ್ದವು. ಕಾಗದದ ಅಂಚು ಬೆರಳಿಗೆ ತಾಗುತ್ತಿತ್ತು. ತೆಗೆದು ತೋರಿಸಿ, ತಂದಿದ್ದೆನಪ್ಪ, ತಡವಾಯಿತು ಎಂದು ಹೇಳಿದ್ದರೆ ನನ್ನ ಮನಸ್ಸು ಸ್ವಲ್ಪ ಹಗುರಾಗುತ್ತಿತ್ತು. ಅವನು ಕೇಳಿದ್ದು ಅದನ್ನಲ್ಲ.

“ಇಲ್ಲಪ್ಪ. ನನ್ನ ಹತ್ತಿರ ಇಲ್ಲ” ಎಂದೆ.

“ಸರಿ ಬುದ್ಧಿ” ಎಂದು ಅವನು ಹಗ್ಗವನ್ನು ಮತ್ತೆ ಕೈಗೆ ತೆಗೆದುಕೊಂಡ.